ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ? ಮೊದಲು ನಿಮ್ಮ ಪಿಸಿಯ ಲೆಕ್ಕ ನೋಡಿ

ಗೇಮ್ ಆಡುವಾಗ ಚಿತ್ರ ತಡವರಿಸಲು ಶುರುವಾದರೆ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ಹೊಸ ಕಾರ್ಡ್‌ಗಳ ರಿವ್ಯೂ ವಿಡಿಯೊ ನೋಡುತ್ತಾ ಕೂರುತ್ತೇವೆ. ಆದರೆ ಆ ವಿಡಿಯೊಗಳಲ್ಲಿ ಕಾರ್ಡ್ ಕೂತಿರುವುದು ಮಾರುಕಟ್ಟೆಯ ಅತಿ ವೇಗದ ಸಿಪಿಯು, ದೊಡ್ಡ ಪವರ್ ಸಪ್ಲೈ ಇರುವ ಟೆಸ್ಟ್ ಪಿಸಿಯಲ್ಲಿ. ನಿಮ್ಮ ಮೇಜಿನ ಮೇಲಿರುವುದು ಬೇರೆಯೇ ಪಿಸಿ. ಹಾಗಾಗಿ ಕೆಲಸವನ್ನು ತಿರುವುಮುರುವು ಮಾಡೋಣ. ಮೊದಲು ನಿಮ್ಮ ಮಾನಿಟರ್, ಸಿಪಿಯು, ಪವರ್ ಸಪ್ಲೈ ಮತ್ತು ಕ್ಯಾಬಿನೆಟ್ ನೋಡೋಣ. ಇವು ನಾಲ್ಕೂ ಸೇರಿ ಪಟ್ಟಿಯಲ್ಲಿರುವ ಮುಕ್ಕಾಲು ಪಾಲು ಕಾರ್ಡ್‌ಗಳನ್ನು ತಾವೇ ಹೊಡೆದುಹಾಕುತ್ತವೆ. ಉಳಿದ ಎರಡು ಮೂರರಲ್ಲಿ ಆರಿಸುವುದು ಸುಲಭ.

ಕೈಯಲ್ಲಿ ಹಿಡಿದು ನೋಡಲು ಒಂದು ಪಿಸಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಎಎಂಡಿಯ ರೈಜನ್ 5 3600 ಸಿಪಿಯು, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, ಎನ್‌ವಿಡಿಯಾದ ಜಿಟಿಎಕ್ಸ್ 1060 ಕಾರ್ಡ್‌ನ 6 ಜಿಬಿ ಮಾದರಿ, 500 ವಾಟ್ ಪವರ್ ಸಪ್ಲೈ, 1080ಪಿ ಮಾನಿಟರ್. ಇಂಥ ಪಿಸಿಗಳು ಇನ್ನೂ ಬೇಕಾದಷ್ಟಿವೆ. ನಿಮ್ಮದು ಇಂಟೆಲ್ ಆಗಿದ್ದರೂ ಲೆಕ್ಕ ಹಾಕುವ ರೀತಿ ಇದೇ.

ಹೆಜ್ಜೆ 1: ತಪ್ಪು ಕಾರ್ಡ್‌ನದ್ದೇನಾ?

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ. ಉಚಿತ ಸಾಫ್ಟ್‌ವೇರ್, ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಅದರ ಜೊತೆ ಬರುವ ರಿವಾಟ್ಯೂನರ್‌ನಿಂದ ಗೇಮ್‌ನ ಮೂಲೆಯಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಬಳಕೆ, ಪ್ರತಿ ಕೋರ್‌ನ ಸಿಪಿಯು ಬಳಕೆ, ವಿ-ರ್‍ಯಾಮ್ (ಕಾರ್ಡ್‌ನ ಮೆಮೊರಿ), ತಾಪಮಾನ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) ಎಲ್ಲವೂ ಕಾಣುವಂತೆ ಮಾಡಿ. ನಿಮಗೆ ತೊಂದರೆ ಕೊಡುವ ಗೇಮ್‌ನಲ್ಲಿ, ತೊಂದರೆ ಕೊಡುವ ಜಾಗದಲ್ಲೇ ಅರ್ಧ ಗಂಟೆ ಆಡಿ, ಕಂಡ ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ.

ಜಿಪಿಯು ಬಳಕೆ ಸತತವಾಗಿ ಶೇ 95ರಿಂದ 99ರಲ್ಲಿದ್ದು ಎಫ್‌ಪಿಎಸ್ ಕಡಿಮೆ ಇದ್ದರೆ ಕಾರ್ಡ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ, ಬದಲಿಸಿದರೆ ಲಾಭ ಇದೆ. ಜಿಪಿಯು ಶೇ 60ರ ಆಸುಪಾಸಿನಲ್ಲೇ ಇದ್ದು ಆಟ ತಡವರಿಸುತ್ತಿದ್ದರೆ ಸಮಸ್ಯೆ ಬಹುಪಾಲು ಸಿಪಿಯುದು. ಸಿಪಿಯು ಕೆಲಸ ಹಂಚುವ ಮೇಸ್ತ್ರಿ ಇದ್ದಂತೆ, ಜಿಪಿಯು ಗೋಡೆ ಕಟ್ಟುವವನು. ಮೇಸ್ತ್ರಿ ಹೇಳುವುದೇ ತಡವಾದರೆ ಎಂಥ ಚುರುಕಾದ ಕೆಲಸಗಾರ ಬಂದರೂ ಕೈ ಕಟ್ಟಿ ನಿಲ್ಲಬೇಕಾಗುತ್ತದೆ.

ಇಲ್ಲೊಂದು ಮೋಸ ಇದೆ. ಒಟ್ಟು ಸಿಪಿಯು ಬಳಕೆ ಶೇ 40 ಅಂತ ತೋರಿಸಿದರೆ ಸಿಪಿಯು ಆರಾಮಾಗಿದೆ ಅಂದುಕೊಳ್ಳಬೇಡಿ. ಆರು ಕೋರ್‌ಗಳಲ್ಲಿ ಎರಡು ಪೂರ್ತಿ ತುಂಬಿದ್ದು ಉಳಿದವು ಬಹುಪಾಲು ಖಾಲಿ ಕೂತಿರಬಹುದು. ಅನೇಕ ಗೇಮ್‌ಗಳು ಒಂದೆರಡು ಕೋರ್‌ಗಳ ಮೇಲೇ ಭಾರ ಹಾಕುತ್ತವೆ. ಅನುಮಾನ ಇದ್ದರೆ ಸುಲಭದ ಪರೀಕ್ಷೆ ಮಾಡಿ: ಗೇಮ್‌ನ ರೆಸಲ್ಯೂಷನ್ 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಜೋರಾಗಿ ಏರಿದರೆ ಕಾರ್ಡ್‌ನದ್ದೇ ತಪ್ಪು. ಇದ್ದಲ್ಲೇ ಇದ್ದರೆ ಹೊಸ ಕಾರ್ಡ್‌ಗೆ ಹಾಕುವ ದುಡ್ಡು ಅಷ್ಟರ ಮಟ್ಟಿಗೆ ವ್ಯರ್ಥ.

ದುಡ್ಡಿಲ್ಲದೆ ಸರಿಹೋಗುವ ಸಮಸ್ಯೆಗಳೂ ಇವೆ, ಅವನ್ನು ಮೊದಲು ಮುಗಿಸಿ. ಮಾನಿಟರ್ ಕೇಬಲ್ ಕಾರ್ಡ್‌ಗೆ ಹಾಕಿದ್ದೀರಾ ಅಥವಾ ಮದರ್‌ಬೋರ್ಡ್‌ಗೆ ಹಾಕಿದ್ದೀರಾ ನೋಡಿ. 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಇದ್ದರೂ ವಿಂಡೋಸ್ ಸೆಟ್ಟಿಂಗ್‌ನಲ್ಲಿ 60ರಲ್ಲೇ ಉಳಿದಿರಬಹುದು. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಎಕ್ಸ್‌ಎಂಪಿ ಆನ್ ಮಾಡದಿದ್ದರೆ ರ್‍ಯಾಮ್ ತನ್ನ ಪೂರ್ಣ ವೇಗದಲ್ಲಿ ಓಡುವುದಿಲ್ಲ. ಒಂದೇ ರ್‍ಯಾಮ್ ಸ್ಟಿಕ್ ಇದ್ದರೆ ಅದೇ ಗಾತ್ರದ ಇನ್ನೊಂದು ಹಾಕುವುದರಿಂದ ಅನೇಕ ಗೇಮ್‌ಗಳಲ್ಲಿ ತಡವರಿಕೆ ಕಡಿಮೆಯಾಗುತ್ತದೆ. ಧೂಳು ತುಂಬಿ ಬಿಸಿಯೇರಿದ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಒಮ್ಮೆ ಚೆನ್ನಾಗಿ ಸ್ವಚ್ಛ ಮಾಡಿ ನೋಡಿ. ಗೇಮ್ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಹಾಕಿ.

ಅಂದ ಹಾಗೆ, ಲ್ಯಾಪ್‌ಟಾಪ್ ಇದ್ದವರಿಗೆ ಈ ಲೇಖನ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಯು ಬೋರ್ಡ್‌ಗೇ ಬೆಸೆದಿರುತ್ತದೆ.

ಹೆಜ್ಜೆ 2: ಮಾನಿಟರ್ ಏನು ಕೇಳುತ್ತದೆ?

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಕಾರ್ಡ್ ಪ್ರತಿ ಫ್ರೇಮ್‌ನಲ್ಲೂ ಇಷ್ಟು ಪಿಕ್ಸೆಲ್‌ಗಳಿಗೆ ಬಣ್ಣ ಹಚ್ಚಬೇಕು. 60 ಎಫ್‌ಪಿಎಸ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಬೇಕೆಂದರೆ 6.9 ಮಿಲಿಸೆಕೆಂಡ್ ಮಾತ್ರ.

60 ಹರ್ಟ್ಜ್‌ನ 1080ಪಿ ಮಾನಿಟರ್‌ಗೆ ಎನ್‌ವಿಡಿಯಾದ ದುಬಾರಿ ಆರ್‌ಟಿಎಕ್ಸ್ 5080 ತರುವುದರಲ್ಲಿ ಅರ್ಥ ಇಲ್ಲ. ಕಾರ್ಡ್ 200 ಫ್ರೇಮ್ ಕೊಟ್ಟರೂ ಪರದೆ ತೋರಿಸುವುದು 60 ಮಾತ್ರ. ಆ ದುಡ್ಡಿನಲ್ಲಿ ಒಂದು ಹಂತ ಕೆಳಗಿನ ಕಾರ್ಡ್ ಜೊತೆಗೆ ಒಳ್ಳೆಯ 1440ಪಿ ಮಾನಿಟರ್ ತಂದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಜಾಸ್ತಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು: ಕಾರ್ಡ್ ಮತ್ತು ಮಾನಿಟರ್ ಒಂದು ಜೋಡಿ, ಬಜೆಟ್ ಕೂಡ ಒಟ್ಟಿಗೇ ಹಾಕಬೇಕು.

ಇನ್ನು ನೀವು ಆಡುವ ಗೇಮ್ ಯಾವುದು? ವ್ಯಾಲರಂಟ್‌ನಂಥ ಸ್ಪರ್ಧೆಯ ಗೇಮ್‌ಗಳಿಗೆ ಸಾಧಾರಣ ಕಾರ್ಡ್ ಸಾಕು, ಅಲ್ಲಿ ಜಾಸ್ತಿ ಫ್ರೇಮ್ ಬೇಕೆಂದರೆ ಸಿಪಿಯು ಗಟ್ಟಿ ಇರಬೇಕು. ಸೈಬರ್‌ಪಂಕ್ 2077ರಂಥ ದೊಡ್ಡ ಕಥೆಯ ಗೇಮ್‌ಗಳು ಕಾರ್ಡನ್ನೇ ಹಿಂಡುತ್ತವೆ. ಮುಂದಿನ ಎರಡು ಮೂರು ವರ್ಷ ಯಾವುದನ್ನು ಆಡುತ್ತೀರಿ ಅಂತ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ. ಯಾವತ್ತೂ ಆಡದ ಗೇಮ್‌ನ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ನೋಡಿ ಕಾರ್ಡ್ ಆರಿಸಬೇಡಿ.

ಹೆಜ್ಜೆ 3: ವಿ-ರ್‍ಯಾಮ್ ಎಷ್ಟಿರಬೇಕು?

ಈಗ ಕಾರ್ಡ್ ಕೊಳ್ಳುವವರು ಅತಿ ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ವಿ-ರ್‍ಯಾಮ್ ಅಂದರೆ ಕಾರ್ಡ್‌ನೊಳಗಿನ ಮೆಮೊರಿ. ಗೋಡೆ, ಮುಖ, ಬಟ್ಟೆ, ನೆಲ ಎಲ್ಲದರ ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ) ಅಲ್ಲೇ ಇರಬೇಕು. ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಆನ್ ಮಾಡಿದರೆ ಅದಕ್ಕೆ ಬೇರೆ ಜಾಗ ಬೇಕು. ನಡುವೆ ಹೊಸ ಫ್ರೇಮ್ ಸೇರಿಸುವ ಫ್ರೇಮ್ ಜನರೇಷನ್‌ಗೂ ಜಾಗ ಬೇಕು. ಜಾಗ ಸಾಲದೆ ಹೋದರೆ ಕಾರ್ಡ್ ಪಿಸಿಯ ಸಾಮಾನ್ಯ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕು, ಆ ದಾರಿ ತುಂಬಾ ನಿಧಾನ. ಆಗ ಏನಾಗುತ್ತದೆ? ಸರಾಸರಿ ಎಫ್‌ಪಿಎಸ್ ಚೆನ್ನಾಗೇ ಕಾಣುತ್ತಿರುತ್ತದೆ, ಆದರೆ ತಿರುಗಿದಾಗೆಲ್ಲ ಚಿತ್ರ ಜಗ್ಗುತ್ತದೆ. ಕೆಲವು ಗೇಮ್‌ಗಳು ತಡವರಿಸದೆ ಸದ್ದಿಲ್ಲದೆ ಟೆಕ್ಸ್ಚರನ್ನೇ ಮಸುಕು ಮಾಡುತ್ತವೆ. ಹತ್ತಿರ ಹೋಗಿ ನಿಂತರೂ ಗೋಡೆ ಮೇಣದಂತೆ ಕಾಣುತ್ತದೆ. ಬೆಂಚ್‌ಮಾರ್ಕ್ ಚಾರ್ಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೊಸ ದೊಡ್ಡ ಗೇಮ್‌ಗಳನ್ನು ಆಡುವವರು ಇವತ್ತು 8 ಜಿಬಿ ಕಾರ್ಡನ್ನು ಹೊಸದಾಗಿ ಕೊಳ್ಳಬಾರದು. ಸ್ಪರ್ಧೆಯ ಗೇಮ್ ಮಾತ್ರ ಆಡುತ್ತೀರಾ, 1080ಪಿ ಸಾಕಾ, ಆಗ 8 ಜಿಬಿ ನಡೆಯುತ್ತದೆ. 1080ಪಿಯಲ್ಲೇ ಹೊಸ ಗೇಮ್ ಹೈ ಸೆಟ್ಟಿಂಗ್‌ನಲ್ಲಿ ಬೇಕೆಂದರೆ 12 ಜಿಬಿ ಇರಲಿ. 1440ಪಿಗೆ 12 ಕನಿಷ್ಠ, 16 ಇದ್ದರೆ ನೆಮ್ಮದಿ. 4ಕೆಗೆ 16ಕ್ಕಿಂತ ಕೆಳಗೆ ಇಳಿಯಬೇಡಿ. ಮೆಮೊರಿ ಸಾಕಷ್ಟಿದ್ದರೆ ಟೆಕ್ಸ್ಚರ್ ಸೆಟ್ಟಿಂಗ್ ಏರಿಸಿದರೂ ಎಫ್‌ಪಿಎಸ್ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಚಿತ್ರ ಚೆಂದವಾಗಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಆದರೆ ಒಂದು ಎಚ್ಚರಿಕೆ. ಒಂದೇ ಹೆಸರಿನಲ್ಲಿ ಎರಡು ಮೆಮೊರಿಯ ಕಾರ್ಡ್‌ಗಳು ಬರುತ್ತವೆ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡರಲ್ಲೂ 8 ಜಿಬಿ ಮತ್ತು 16 ಜಿಬಿ ಮಾದರಿಗಳಿವೆ. ಡಬ್ಬದ ಮೇಲೆ ದೊಡ್ಡದಾಗಿ ಇರುವುದು ಹೆಸರು. ಮೆಮೊರಿ ಎಷ್ಟು ಅಂತ ಬಿಲ್ ಹಾಕಿಸುವ ಮುಂಚೆ ಓದಿ. ಹಾಗಂತ ಬರೀ ಜಿಬಿ ನೋಡಿ ಮರುಳಾಗಬೇಡಿ. ಹಳೆಯ ನಿಧಾನದ ಕಾರ್ಡ್‌ಗೆ ಎಷ್ಟು ಮೆಮೊರಿ ಇದ್ದರೂ ಅದು ವೇಗ ಆಗುವುದಿಲ್ಲ.

ಹೆಜ್ಜೆ 4: ಪವರ್ ಸಪ್ಲೈ, ಸ್ಲಾಟ್, ಕ್ಯಾಬಿನೆಟ್

ಮದರ್‌ಬೋರ್ಡ್‌ನ ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗುವುದು 75 ವಾಟ್ ತನಕ ಮಾತ್ರ. ಉಳಿದದ್ದು ಪವರ್ ಸಪ್ಲೈ ಕೇಬಲ್‌ನಿಂದ ಬರಬೇಕು. 6 ಪಿನ್ ಕನೆಕ್ಟರ್‌ನಿಂದ 75 ವಾಟ್, 8 ಪಿನ್‌ನಿಂದ 150 ವಾಟ್. ನಿಮ್ಮ ಪವರ್ ಸಪ್ಲೈನಲ್ಲಿ ಇವು ಎಷ್ಟಿವೆ ಅಂತ ಕ್ಯಾಬಿನೆಟ್ ತೆರೆದು ಎಣಿಸಿ.

ನಮ್ಮ ಉದಾಹರಣೆಯ ಪಿಸಿ ತಗೊಳ್ಳಿ. ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ ಸುಮಾರು 160 ವಾಟ್ ತಿನ್ನುತ್ತದೆ. ರೈಜನ್ 5 3600 ಭಾರ ಬಿದ್ದಾಗ 90ರ ಆಸುಪಾಸು. ಫ್ಯಾನ್, ಡಿಸ್ಕ್, ಬೋರ್ಡ್ ಸೇರಿ ಇನ್ನೊಂದು 50-60. ಒಟ್ಟು ಹತ್ತಿರ ಹತ್ತಿರ 310. ಒಳ್ಳೆಯ ಕಂಪನಿಯ 500 ವಾಟ್ ಸಪ್ಲೈ ಇದಕ್ಕೆ ಸಾಕು. ಆದರೆ ಅದೇ ಪಿಸಿಗೆ 304 ವಾಟ್‌ನ ಆರ್‌ಎಕ್ಸ್ 9070 ಎಕ್ಸ್‌ಟಿ ತಂದರೆ ಸಪ್ಲೈ ಕೂಡ ಬದಲಿಸಬೇಕು. ಕಾರ್ಡ್‌ಗಳು ಕ್ಷಣಕಾಲ ತಮ್ಮ ಲೆಕ್ಕಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತವೆ, ಅದಕ್ಕೇ ಸ್ವಲ್ಪ ಸಡಿಲ ಇರಬೇಕು. ಪ್ರತಿ ಕಾರ್ಡ್‌ಗೂ ಕಂಪನಿಯವರು ಇಷ್ಟು ವಾಟ್ ಸಪ್ಲೈ ಇರಲಿ ಅಂತ ಹೇಳಿರುತ್ತಾರೆ, ಅದನ್ನು ಪಾಲಿಸಿ. ಕಾರ್ಡ್ ಬೆಲೆಗೆ ಮಾತ್ರ ಬಜೆಟ್ ಹಾಕಿಕೊಂಡು ಸಪ್ಲೈ ಮರೆತವರು ಕೊನೆಗೆ ಹೆಸರಿಲ್ಲದ ಅಗ್ಗದ ಸಪ್ಲೈಗೆ ಇಳಿಯುತ್ತಾರೆ. ಅದು ಕಾರ್ಡ್‌ಗೂ ಅಪಾಯ, ಮನೆಗೂ ಅಪಾಯ.

ಕೇಬಲ್ ವಿಷಯದಲ್ಲಿ ಮೂರು ಕೆಲಸ ಮಾಡಲೇಬೇಡಿ. ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ಕೇಬಲ್‌ನಿಂದ 8 ಪಿನ್ ಮಾಡುವ ಅಡಾಪ್ಟರ್ ಹಾಕಬೇಡಿ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಹೊರಬಲ್ಲದ್ದು 54 ವಾಟ್ ಮಾತ್ರ, ಅದರ ಮೇಲೆ 150 ಹೇರಿದರೆ ಕರಗಬಹುದು. ಸಿಪಿಯುಗೆ ಹೋಗುವ 8 ಪಿನ್ ಕೂಡ ನೋಡಲು ಹಾಗೇ ಇರುತ್ತದೆ, ಅದನ್ನು ಒತ್ತಿ ಕಾರ್ಡ್‌ಗೆ ತುರುಕಬೇಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಸಪ್ಲೈ ಇದ್ದರೆ ಬೇರೆ ಸಪ್ಲೈನ ಕೇಬಲ್ ಹಾಕಬೇಡಿ. ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಸಲಕ್ಕೆ ಕಾರ್ಡ್ ಸುಟ್ಟುಹೋಗಬಹುದು. ದೊಡ್ಡ ಕಾರ್ಡ್‌ಗಳಲ್ಲಿ ಬರುವ ಹೊಸ 16 ಪಿನ್ ಕನೆಕ್ಟರ್ ಪೂರ್ತಿ ಒಳಗೆ ಕೂತಿದೆಯಾ ಅಂತ ಬೆಳಕು ಬಿಟ್ಟು ನೋಡಿ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090ರ ಕನೆಕ್ಟರ್‌ಗಳು ಕರಗಿದ ಪ್ರಕರಣಗಳಲ್ಲಿ ಪ್ಲಗ್ ಪೂರ್ತಿ ಕೂರದೇ ಇದ್ದದ್ದು ಮುಖ್ಯ ಕಾರಣಗಳಲ್ಲಿ ಒಂದು. ಕನೆಕ್ಟರ್‌ಗೆ ತಾಗಿಯೇ ಕೇಬಲ್ ಬಗ್ಗಿಸಲೂಬಾರದು.

ಸ್ಲಾಟ್ ವಿಷಯ ಬಹಳ ಜನ ನೋಡುವುದೇ ಇಲ್ಲ. ಬಿ450 ಬೋರ್ಡ್‌ನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 3.0. ಹೊಸ ಕಾರ್ಡ್ 5.0 ಆಗಿದ್ದರೂ ಹಳೆಯ ಸ್ಲಾಟ್‌ನಲ್ಲಿ ಕೆಲಸ ಮಾಡುತ್ತದೆ, ವೇಗ ಮಾತ್ರ ಸ್ಲಾಟ್‌ನದ್ದು. ತೊಂದರೆ ಬರುವುದು ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ) ಕಡಿಮೆ ಇರುವ ಕಾರ್ಡ್‌ಗಳಲ್ಲಿ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬರೀ 4 ಲೇನ್, ಹಳೆಯ ಬೋರ್ಡ್‌ನಲ್ಲಿ ಅದು ಚೆನ್ನಾಗಿ ಏಟು ತಿನ್ನುತ್ತದೆ. ಆರ್‌ಟಿಎಕ್ಸ್ 5060 ಟಿಐಗೆ 8 ಲೇನ್, ಆರ್‌ಎಕ್ಸ್ 9060 ಎಕ್ಸ್‌ಟಿಗೆ 16. ಮೆಮೊರಿ ತುಂಬಿದಾಗ ಕಾರ್ಡ್ ಹೊರಗಿನ ರ್‍ಯಾಮ್‌ಗೆ ಓಡುವುದು ಇದೇ ದಾರಿಯಲ್ಲಿ ಅಲ್ವಾ? ಹಾಗಾಗಿ ಹಳೆಯ ಬೋರ್ಡ್, 8 ಲೇನ್, 8 ಜಿಬಿ ಮೂರೂ ಸೇರಿದರೆ ಅದೇ ಅತಿ ಕೆಟ್ಟ ಜೋಡಿ. ಇಂಟೆಲ್ ಆರ್ಕ್ ಬಿ580 ನೋಡುತ್ತಿದ್ದರೆ ಇನ್ನೊಂದು ವಿಷಯ ಗಮನಿಸಿ. ಅದಕ್ಕೆ ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಸಿಪಿಯು ಒಮ್ಮೆಗೇ ಬಳಸುವ ಸೌಲಭ್ಯ) ಇರಲೇಬೇಕು. 12 ಜಿಬಿ ಮೆಮೊರಿಯ ಒಳ್ಳೆಯ ಕಾರ್ಡ್ ಹೌದು, ಆದರೆ ಅದರ ಡ್ರೈವರ್ ಸಿಪಿಯುಗೆ ಜಾಸ್ತಿ ಕೆಲಸ ಕೊಡುತ್ತದೆ. ರೈಜನ್ 5 2600ರಂಥ ಹಳೆಯ ಸಿಪಿಯು ಜೊತೆ ರಿವ್ಯೂನಲ್ಲಿ ಕಂಡ ವೇಗ ಸಿಗುವುದಿಲ್ಲ.

ಇನ್ನು ಅಳತೆ. ಟೇಪ್ ಹಿಡಿದು ಕ್ಯಾಬಿನೆಟ್‌ನ ಹಿಂಬದಿ ಪಟ್ಟಿಯಿಂದ ಮುಂದಿನ ಫ್ಯಾನ್ ತನಕ ಎಷ್ಟು ಮಿಲಿಮೀಟರ್ ಇದೆ ನೋಡಿ. ಮೂರು ಫ್ಯಾನ್‌ನ ಅನೇಕ ಕಾರ್ಡ್‌ಗಳು 300 ಮಿಲಿಮೀಟರ್ ದಾಟುತ್ತವೆ, ದಪ್ಪ ಎರಡೂವರೆ ಸ್ಲಾಟ್ ಇರಬಹುದು. ಕಂಪನಿ ಜೋಡಿಸಿದ ಚಿಕ್ಕ ಆಫೀಸ್ ಪಿಸಿ ಇದ್ದು, ಕಾರ್ಡ್‌ಗೆ ಹೋಗುವ ಪವರ್ ಕೇಬಲ್ಲೇ ಇಲ್ಲದಿದ್ದರೆ, ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ನೋಡಿ. ಅದು 70 ವಾಟ್‌ನದು, ಸ್ಲಾಟ್‌ನ ಕರೆಂಟ್‌ನಲ್ಲೇ ನಡೆಯುತ್ತದೆ.

ಹೆಜ್ಜೆ 5: ಹೆಸರು ನೋಡಿ ಮೋಸ ಹೋಗಬೇಡಿ

ಹೆಸರಿನ ಮೊದಲ ಒಂದೆರಡು ಅಂಕಿ ತಲೆಮಾರು ಹೇಳುತ್ತವೆ, ಉಳಿದ ಅಂಕಿಗಳು ಆ ತಲೆಮಾರಿನಲ್ಲಿ ಅದರ ಜಾಗ ಹೇಳುತ್ತವೆ. ಹೊಸ ತಲೆಮಾರಿನ ಕೆಳಗಿನ ಕಾರ್ಡ್ ಹಿಂದಿನ ತಲೆಮಾರಿನ ಮೇಲಿನ ಕಾರ್ಡ್‌ಗಿಂತ ನಿಧಾನ ಇರಬಹುದು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಮಾರಿದ್ದೂ ಉಂಟು. ಜಿಟಿಎಕ್ಸ್ 1060ರ 3 ಜಿಬಿ ಮಾದರಿಯಲ್ಲಿ ಮೆಮೊರಿ ಮಾತ್ರ ಕಡಿಮೆ ಇದ್ದದ್ದಲ್ಲ, ಕೋರ್‌ಗಳೂ 1280ರ ಬದಲು 1152 ಇದ್ದವು. ಜಿಟಿ 1030ರ ಡಿಡಿಆರ್4 ಮಾದರಿ ಅದೇ ಹೆಸರಿನ ಜಿಡಿಡಿಆರ್5 ಮಾದರಿಗಿಂತ ಬಹಳ ನಿಧಾನ.

ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಇವು ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ತಂತ್ರಗಳು. ಡಿಎಲ್‌ಎಸ್‌ಎಸ್ ಎಲ್ಲ ಆರ್‌ಟಿಎಕ್ಸ್ ಕಾರ್ಡ್‌ನಲ್ಲೂ ಇದೆ. ಎಎಂಡಿಯ ಹೊಸ ಎಫ್‌ಎಸ್‌ಆರ್ 4 ಬಂದದ್ದು ಆರ್‌ಎಕ್ಸ್ 9000 ಸರಣಿಯ ಜೊತೆ, ಗುಣಮಟ್ಟ ಹಿಂದಿನದಕ್ಕಿಂತ ತುಂಬಾ ಮೇಲು. 1440ಪಿಯಲ್ಲಿ ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಸೆಟ್ಟಿಂಗ್ ಅಂದರೆ ಒಳಗೆ 960ಪಿಯಲ್ಲಿ ಬಿಡಿಸುತ್ತಿದೆ ಅಂತ ಅರ್ಥ. 1080ಪಿಯಲ್ಲಿ ಅದು 720ಪಿಗೆ ಇಳಿಯುತ್ತದೆ, ಹಾಗಾಗಿ ಚಿಕ್ಕ ಪರದೆಯಲ್ಲಿ ಲಾಭ ಸ್ವಲ್ಪ ಕಡಿಮೆ. ಫ್ರೇಮ್ ಜನರೇಷನ್ ಬೇರೆಯದೇ ಸಂಗತಿ. ಅದು ಎರಡು ನಿಜ ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಸೇರಿಸುತ್ತದೆ. ನೋಡಲು ನಯ ಆಗುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಪ್ರತಿಕ್ರಿಯೆ ಬೇಗ ಬರುವುದಿಲ್ಲ. ಮೂಲ ಎಫ್‌ಪಿಎಸ್ 60ರ ಹತ್ತಿರ ಇದ್ದಾಗ ಚೆನ್ನಾಗಿರುತ್ತದೆ. 25 ಇದ್ದದ್ದನ್ನು 100 ಮಾಡಿ ತೋರಿಸುವ ಜಾಹೀರಾತು ಚಾರ್ಟನ್ನು ಬದಿಗಿಟ್ಟು, ಫ್ರೇಮ್ ಜನರೇಷನ್ ಇಲ್ಲದ ಅಂಕಿಗಳನ್ನೇ ಹೋಲಿಸಿ.

ರೇ ಟ್ರೇಸಿಂಗ್ ಬೇಡ ಅನ್ನುವವರೂ ಈಗ ಅದನ್ನು ಪೂರ್ತಿ ಬಿಡುವಂತಿಲ್ಲ. ಡೂಮ್: ದಿ ಡಾರ್ಕ್ ಏಜಸ್ ಗೇಮ್‌ಗೆ ರೇ ಟ್ರೇಸಿಂಗ್ ಇರುವ ಕಾರ್ಡ್ ಬೇಕೇ ಬೇಕು. ಜೊತೆಗೆ, ಜಿಟಿಎಕ್ಸ್ 900 ಮತ್ತು 1000 ಸರಣಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ನಮ್ಮ ಉದಾಹರಣೆಯ 1060ಕ್ಕೆ ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ.

ಹೆಜ್ಜೆ 6: ಪಟ್ಟಿ ಮಾಡಿ, ಭಾಗಾಕಾರ ಮಾಡಿ

ಈಗ ನಿಮ್ಮ ಕೈಯಲ್ಲಿ ಎರಡು ಮೂರು ಹೆಸರು ಉಳಿದಿರುತ್ತವೆ. ನಿಮ್ಮ ಗೇಮ್, ನಿಮ್ಮ ರೆಸಲ್ಯೂಷನ್‌ನ ಬೆಂಚ್‌ಮಾರ್ಕ್ ಹುಡುಕಿ. ಸರಾಸರಿ ಎಫ್‌ಪಿಎಸ್ ಪಕ್ಕದಲ್ಲಿ ಶೇ 1 ಲೋ ಅಂತ ಇನ್ನೊಂದು ಅಂಕಿ ಇರುತ್ತದೆ, ಅಂದರೆ ಅತಿ ನಿಧಾನದ ಶೇ 1 ಫ್ರೇಮ್‌ಗಳ ವೇಗ. ತಡವರಿಕೆ ಕಾಣುವುದು ಅದರಲ್ಲಿ, ಅದನ್ನು ಬಿಡಬೇಡಿ. ಬೆಲೆಯನ್ನು ಸರಾಸರಿ ಎಫ್‌ಪಿಎಸ್‌ನಿಂದ ಭಾಗಿಸಿದರೆ ಒಂದು ಫ್ರೇಮ್‌ಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ಈಗಿನ ಕಾರ್ಡ್‌ಗಿಂತ ಶೇ 50ಕ್ಕೂ ಹೆಚ್ಚು ವೇಗ ಸಿಗದಿದ್ದರೆ ಸುಮ್ನೆ ಕಾಯಿರಿ ಅನ್ನುತ್ತೇನೆ. ಶೇ 20 ಚಾರ್ಟ್‌ನಲ್ಲಿ ಚೆಂದ, ಆಟದಲ್ಲಿ ಗೊತ್ತೂ ಆಗುವುದಿಲ್ಲ.

ಒಂದೇ ಚಿಪ್ ಇರುವ ಕಾರ್ಡ್‌ಗಳನ್ನು ಹತ್ತು ಕಂಪನಿಗಳು ಮಾರುತ್ತವೆ. ಅವುಗಳ ನಡುವೆ ವೇಗದ ವ್ಯತ್ಯಾಸ ತೀರಾ ಕಡಿಮೆ, ಫ್ಯಾನ್ ಸದ್ದು ಮತ್ತು ಬಿಸಿಯಲ್ಲಿ ಮಾತ್ರ ವ್ಯತ್ಯಾಸ. ದುಬಾರಿ ಮಾದರಿಯ ಬೆಲೆ ಮುಂದಿನ ಹಂತದ ಚಿಪ್‌ಗೆ ಹತ್ತಿರವಾದರೆ ಮುಂದಿನ ಚಿಪ್ಪನ್ನೇ ತಗೊಳ್ಳಿ.

ನಮ್ಮ ಉದಾಹರಣೆಗೆ ನಾನು ಹೇಳುವುದು ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ. ಸಪ್ಲೈ ಸಾಕು, 16 ಲೇನ್ ಇರುವುದರಿಂದ ಹಳೆಯ ಸ್ಲಾಟ್ ಅಡ್ಡಿಯಾಗುವುದಿಲ್ಲ, ಮುಂದೆ 1440ಪಿ ಮಾನಿಟರ್ ತಂದರೂ ನಡೆಯುತ್ತದೆ. ಸಿಪಿಯು ಕೆಲವೆಡೆ ತಡೆಯುತ್ತದೆ, ಆಗ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ ರೈಜನ್ 5 5600 ಹಾಕಬಹುದು.

ಹೆಜ್ಜೆ 7: ಹಳೆಯ ಕಾರ್ಡ್ ಕೊಳ್ಳುವುದಾದರೆ

ಸೆಕೆಂಡ್ ಹ್ಯಾಂಡ್ ತಪ್ಪೇನಲ್ಲ, ಆದರೆ ಓಡುತ್ತಿರುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಚಿಪ್ ಹೆಸರು, ಮೆಮೊರಿ, ಕೋರ್ ಸಂಖ್ಯೆ ತಾಳೆ ನೋಡಿ. ಕಾರ್ಡ್‌ನೊಳಗಿನ ಬಯಾಸ್ ಬದಲಿಸಿ ಹಳೆಯ ಕಾರ್ಡನ್ನು ಹೊಸ ಹೆಸರಿನಲ್ಲಿ ಮಾರುವವರಿದ್ದಾರೆ, ಅಂಥವನ್ನು ಈ ಸಾಫ್ಟ್‌ವೇರ್ ಹಿಡಿಯುತ್ತದೆ. ಹದಿನೈದು ನಿಮಿಷ ಭಾರದ ಗೇಮ್ ಓಡಿಸಿ. ಪರದೆಯಲ್ಲಿ ಚುಕ್ಕೆ, ಗೆರೆ, ಚೌಕಗಳು ಮಿಂಚಿದರೆ ಮೆಮೊರಿ ಅಥವಾ ಚಿಪ್ ಹೋಗಿರಬಹುದು ಅಂತ ತಿಳಿಯಿರಿ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ವಾರಂಟಿ ಹೆಸರಿನ ಮೇಲಿದೆಯಾ, ಸೀರಿಯಲ್ ನಂಬರ್ ಮೇಲಿದೆಯಾ ಕೇಳಿ.

ಇಥೀರಿಯಂ ಮೈನಿಂಗ್ (ಕಾರ್ಡ್‌ಗಳನ್ನು ಓಡಿಸಿ ಕ್ರಿಪ್ಟೊ ಹಣ ಗಳಿಸುವುದು) 2022ರ ಸೆಪ್ಟೆಂಬರ್‌ನಲ್ಲಿ ನಿಂತ ಮೇಲೆ ಮೈನಿಂಗ್‌ನಲ್ಲಿ ದುಡಿದ ಕಾರ್ಡ್‌ಗಳು ರಾಶಿಗಟ್ಟಲೆ ಮಾರಾಟಕ್ಕೆ ಬಂದವು. ಮೈನಿಂಗ್ ಮಾಡಿದ್ದು ಅಂದ ಮಾತ್ರಕ್ಕೆ ಬಿಡಬೇಕಿಲ್ಲ, ಫ್ಯಾನ್ ಮತ್ತು ಮೆಮೊರಿ ಬಿಸಿ ಪರೀಕ್ಷಿಸಿ, ಬೆಲೆ ಇಳಿಸಿ ಕೇಳಿ.

ಹೆಜ್ಜೆ 8: ಹಾಕಿ, ಪರೀಕ್ಷೆ ಮಾಡಿ

ಹೊಸ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎನ್‌ವಿಡಿಯಾದಿಂದ ಎಎಂಡಿಗೆ ಹೋಗುತ್ತಿದ್ದರೆ ಡಿಡಿಯು ಸಾಫ್ಟ್‌ವೇರ್‌ನಿಂದ ಹಳೆಯ ಡ್ರೈವರ್ ಸೇಫ್ ಮೋಡ್‌ನಲ್ಲಿ ಪೂರ್ತಿ ತೆಗೆಯಿರಿ. ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಹೋಗಲಿ. ಸ್ಲಾಟ್ ತುದಿಯ ಚಿಕ್ಕ ಕೊಂಡಿ ಒತ್ತದೆ ಹಳೆಯ ಕಾರ್ಡ್ ಎಳೆದರೆ ಸ್ಲಾಟ್ ಮುರಿಯುತ್ತದೆ, ಅವಸರ ಮಾಡಬೇಡಿ. ಹೊಸದನ್ನು ಟಕ್ ಎನ್ನುವ ತನಕ ಒತ್ತಿ, ಸ್ಕ್ರೂ ಹಾಕಿ, ಆಮೇಲೆ ಪವರ್ ಕೇಬಲ್ ಹಾಕಿ. ಮಾನಿಟರ್ ಕೇಬಲ್ ಕಾರ್ಡ್‌ಗೇ ಹೋಗಬೇಕು. ಹಳೆಯ ಮಾನಿಟರ್‌ನಲ್ಲಿ ವಿಜಿಎ ಅಥವಾ ಡಿವಿಐ ಮಾತ್ರ ಇದ್ದರೆ ಅಡಾಪ್ಟರ್ ಮೊದಲೇ ತಂದಿಡಿ.

ಮೊದಲ ವಾರ ಚೆನ್ನಾಗಿ ದುಡಿಸಿ. ದೋಷ ಇದ್ದರೆ ಬದಲಿಸಿಕೊಡುವ ಅವಧಿಯಲ್ಲೇ ಕಾಣಲಿ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಎಫ್‌ಪಿಎಸ್ ಜೊತೆ ಹೋಲಿಸಿ. ಪಿಸಿ ತಾನಾಗೇ ಆಫ್ ಆದರೆ ಮೊದಲು ಪವರ್ ಸಪ್ಲೈ ಮತ್ತು ಕೇಬಲ್ ನೋಡಿ. ಎಫ್‌ಪಿಎಸ್ ಮಾನಿಟರ್‌ನ ಹರ್ಟ್ಜ್‌ಗಿಂತ ಮೇಲೆ ಹೋಗುತ್ತಿದ್ದರೆ ಡ್ರೈವರ್‌ನಲ್ಲಿ ಮಿತಿ ಹಾಕಿ, ಬಿಸಿಯೂ ಸದ್ದೂ ಕಡಿಮೆಯಾಗುತ್ತವೆ. ಹಳೆಯ ಕಾರ್ಡನ್ನು ಮಾತ್ರ ರಿಟರ್ನ್ ಅವಧಿ ಮುಗಿಯುವ ತನಕ ಮಾರಬೇಡಿ. ಹೊಸದು ವಾಪಸ್ ಹೋಗಬೇಕಾಗಿ ಬಂದರೆ ಅಲ್ಲಿಯ ತನಕ ಪಿಸಿ ನಡೆಸಲು ಅದೇ ಬೇಕಾಗುತ್ತದೆ.